ಇಬ್ಬರಲ್ಲಿ ಒಬ್ಬನಿಗೆ ನೀರು

ಕೋಳಿ ಅಂಕದ ಕಣಕ್ಕೆ ಎರಡು ಹುಂಜ ಇಳಿದರೆ ಒಂದು ಹೆಣವಾಗಿಯೇ ಹೊರಗೆ ಬರಬೇಕು. ನೆಗ್ರೋಸ್ ದ್ವೀಪದಲ್ಲಿ ಹಾಲು ಕುಡಿಯುವ ಕೂಸಿಗೂ ಇದು ಗೊತ್ತು. ಕಣದ ಒಂದು ಪಕ್ಕಕ್ಕೆ ಉಳ್ಳವನ ಕಡೆ ಅನ್ನುತ್ತಾರೆ, ಎದುರು ಪಕ್ಕಕ್ಕೆ ಇಲ್ಲದವನ ಕಡೆ. ಎರಡೂ ಕಡೆ ಗೆದ್ದ ಅಂಕವನ್ನು ಯಾರೂ ಕಂಡಿಲ್ಲ, ಕೇಳಿಲ್ಲ. ಎರಡೂ ಹುಂಜ ನೆಲಕಚ್ಚಿದರೂ ತೀರ್ಪುಗಾರ ಸುಮ್ಮನೆ ಬಿಡುವುದಿಲ್ಲ. ಎರಡನ್ನೂ ಬೆನ್ನು ಹಿಡಿದೆತ್ತಿ ಮುಖಾಮುಖಿ ಮಾಡಿ, ಉಸಿರು ಉಳಿದದ್ದು ಉಸಿರು ಹೋಗುತ್ತಿರುವುದನ್ನು ಎರಡು ಸಲ ಕುಕ್ಕುವವರೆಗೆ ಕಾಯುತ್ತಾನೆ. ಒಂದು ಸಲ ಕುಕ್ಕಿದರೆ ಸಾಲದು.

ದೆನ್ಸಿಯೊ ಆ ಕಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಹುಂಜಗಳ ಎಡಗಾಲಿಗೆ ಕತ್ತಿ ಕಟ್ಟುತ್ತಿದ್ದ. ಕತ್ತಿ ಅಂದರೆ ಮೂರು ಅಂಗುಲದ್ದು, ತುಸು ಬಾಗಿದ್ದು, ಕೂದಲು ತಾಗಿಸಿದರೆ ಕೂದಲು ಎರಡಾಗುವಂಥದ್ದು. ಅದನ್ನು ಕಟ್ಟುವುದು ಹುಡುಗಾಟವಲ್ಲ. ಮೇಣದ ದಾರ ಹೆಚ್ಚು ಬಿಗಿದರೆ ಹುಂಜದ ಕಾಲು ಜೋಮು ಹಿಡಿಯುತ್ತದೆ, ಸಡಿಲವಾದರೆ ಕತ್ತಿ ತಿರುಗುತ್ತದೆ. ಒಂದು ಅಕ್ಕಿಕಾಳಿನಷ್ಟು ಆಚೀಚೆಯಾದರೂ ಹುಂಜ ಎದುರಾಳಿಯ ಎದೆ ಬಿಟ್ಟು ತನ್ನ ಪಕ್ಕೆಯನ್ನೇ ಸೀಳಿಕೊಳ್ಳುತ್ತದೆ. ದೆನ್ಸಿಯೊನ ಕೈಯಲ್ಲಿ ಅಂಥದ್ದು ಆಗಿದ್ದೇ ಇಲ್ಲ, ಆ ಒಂದು ಭಾನುವಾರದವರೆಗೆ.

ಆ ಭಾನುವಾರ ಕಬ್ಬಿನ ತೋಟದ ಮೇಸ್ತ್ರಿಯ ಕೆಂಪು ಹುಂಜ ಮೊದಲ ನೆಗೆತದಲ್ಲೇ ತನ್ನ ಹೊಟ್ಟೆಯನ್ನು ತಾನೇ ಬಗೆದುಕೊಂಡಿತು. ಕರುಳು ಮರಳಿಗೆ ಬಿತ್ತು. ಎದುರಾಳಿ ಹುಂಜ ಏನೂ ಮಾಡದೆ ಗೆದ್ದು ಬೆಪ್ಪಾಗಿ ನಿಂತಿತ್ತು. ಮೇಸ್ತ್ರಿ ಸತ್ತ ಹುಂಜವನ್ನು ಕಾಲು ಹಿಡಿದು ಎತ್ತಿಕೊಂಡು ಶೆಡ್ಡಿಗೆ ನುಗ್ಗಿದವನೇ ಅದರಿಂದಲೇ ದೆನ್ಸಿಯೊನ ಮುಖಕ್ಕೆ ಬಾರಿಸಿದ. ಒಂದಲ್ಲ, ನಾಲ್ಕು ಸಲ.

“ಕಣ್ಣಿಗೇನು ಮಣ್ಣು ಬಿದ್ದಿದ್ಯೇನೋ ಬೋಳಿಮಗನೆ? ಕತ್ತಿ ಕಟ್ಟು ಅಂದ್ರೆ ಗಂಟೆ ಕಟ್ಟಿದ ಹಂಗೆ ಕಟ್ಟಿದೀಯಲ್ಲೋ!”

ದೆನ್ಸಿಯೊ ಮುಖದ ರಕ್ತ, ಪುಕ್ಕ ಒರೆಸಿಕೊಂಡ. ತಿರುಗಿ ಹೊಡೆಯಲಿಲ್ಲ. ಹೊಡೆಯಬೇಕಾದರೆ ಮೇಸ್ತ್ರಿಯ ಮುಖ ಎಲ್ಲಿದೆ ಎಂದು ಕಾಣಬೇಕಲ್ಲ! ಆರು ತಿಂಗಳಿಂದ ಅವನಿಗೆ ಲೋಕವೆಲ್ಲ ಅಕ್ಕಿ ತೊಳೆದ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ಬಿಸಿಲಿಗೆ ಬಂದರೆ ಕಣ್ಣುಗುಡ್ಡೆಯೊಳಗೆ ಮುಳ್ಳು ಮುರಿದಂಥ ನೋವು. ಹೆಂಡತಿ ಸತ್ತ ಮೇಲೆ ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ, ಹೊರಗೆ ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಕಣ್ಣು ಹೋಯಿತೆಂದು ಗೊತ್ತಾದ ಮೇಲೆ ಯಾವ ಹುಚ್ಚ ತನ್ನ ಹುಂಜವನ್ನು ಅವನ ತೊಡೆಯ ಮೇಲೆ ಇಡುತ್ತಾನೆ?

ಮಾರನೆಯ ದಿನವೇ ಜೀಪ್ನಿ ಬಸ್ಸು ಹತ್ತಿ ಬಕೊಲೋಡಿನ ದೊಡ್ಡಾಸ್ಪತ್ರೆಗೆ ಹೋದ. ಕಣ್ಣಿನ ಡಾಕ್ಟರ್ ಸರ್ರೋಸಾ ಗಿಡ್ಡ ಹೆಂಗಸು, ಬಾಯಿ ಮಾತ್ರ ಆಳೆತ್ತರ. ದೀಪ ಬಿಟ್ಟು ಎರಡೂ ಕಣ್ಣು ನೋಡಿದಳು.

“ಇದು ಹೊರಗಿಂದ ಬಂದ ಹುಳ ಅಲ್ಲ, ನೊಂಗ್,” ಎಂದಳು. ಆ ಕಡೆ ಹಿರಿಯ ಗಂಡಸರನ್ನು ಹಾಗೇ ಕರೆಯುತ್ತಾರೆ. “ನಿಮ್ಮ ಮೈ ಕಾಯೋ ಪಡೆನೇ ನಿಮ್ಮ ಕಣ್ಣಿನ ಮೇಲೆ ಬಿದ್ದಿದೆ. ಬೇಲಿನೇ ಎದ್ದು ಹೊಲ ಮೇಯ್ತಾ ಇದೆ.”

“ಹಂಗಾದ್ರೆ ಬೇಲಿಗೆ ಬೆಂಕಿ ಹಾಕಿ, ಡಾಕ್ಟ್ರೇ.”

“ಪೂರ್ತಿ ಹಾಕಿದ್ರೆ ಊರ ದನ ಎಲ್ಲಾ ಒಳಗೆ ಬರ್ತವಲ್ಲ ಮಾರಾಯ್ರೆ. ಅದೇ ಕಷ್ಟ.”

ಒಂದು ವರ್ಷ ಸ್ಟೀರಾಯ್ಡ್ ಮಾತ್ರೆ, ಸ್ಟೀರಾಯ್ಡ್ ಹನಿ. ಮುಖ ಹಲಸಿನ ಹಣ್ಣಿನ ಹಾಗೆ ಊದಿತು. ಮಾತ್ರೆ ಇಳಿಸಿದರೆ ಕಣ್ಣು ಕೆಂಪಾಗುತ್ತಿತ್ತು, ಏರಿಸಿದರೆ ಮೂಳೆ ನೋಯುತ್ತಿತ್ತು. ಆ ವರ್ಷದಲ್ಲಿ ಅವನಿಗೆ ಸಿಕ್ಕಿದ ಒಂದೇ ಒಳ್ಳೆಯದೆಂದರೆ ಬಾಲ್ದೊ.

ಬಾಲ್ದೊ ಕಬ್ಬು ಕಡಿಯುವವ, ಮೂವತ್ತೈದರ ಆಳು, ಕೋಣದಂಥ ಭುಜ. ಅದೇ ಕಾಯಿಲೆ, ಅದೇ ಮಾತ್ರೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಡೆದು ಬರುತ್ತಾ ಬೆಂಚಿನ ಮೇಲೆ ಕೂತಿದ್ದ ದೆನ್ಸಿಯೊನ ಪಾದವನ್ನು ಅಜ್ಜಿಬಜ್ಜಿ ಮಾಡಿದ್ದ.

“ಯಾವ ಕುರುಡ ಸೂಳೆಮಗ ಕಾಲು ತುಳಿದಿದ್ದು?” ಎಂದು ದೆನ್ಸಿಯೊ ಕೂಗಿದ.

“ಇನ್ನೊಬ್ಬ ಕುರುಡ ಸೂಳೆಮಗನಿಗೆ ಜಾಗ ಬಿಡು, ಕೂತ್ಕೋತೀನಿ,” ಎಂದ ಬಾಲ್ದೊ.

ನರ್ಸು ಬಂದು ಬಯ್ಯುವವರೆಗೂ ಇಬ್ಬರೂ ನಕ್ಕರು. ಬಾಲ್ದೊನ ಹೆಂಡತಿ ರೊಸಿಂಡಾ ಹೆಣ್ಣು ಹೆತ್ತಾಗ ಮಗುವಿನ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು ದೆನ್ಸಿಯೊನೇ. ಕಣ್ಣು ಕಾಯುವ ಸಂತಳ ಹೆಸರೇ ಇರಲೆಂದು ಲೂಸಿಯಾ ಎಂದು ಹೆಸರಿಟ್ಟರು. ಅಂದಿನಿಂದ ಅವರು ಒಬ್ಬರಿಗೊಬ್ಬರು ಕುಂಪಾರೆ, ಕರೆಯುವಾಗ ಬರೀ ‘ಪಾರೆ’. ರೊಸಿಂಡಾ ದೆನ್ಸಿಯೊಗೆ ‘ಮಾರೆ’. ಅಣ್ಣತಮ್ಮಂದಿರನ್ನು ದೇವರು ನಮ್ಮನ್ನು ಕೇಳದೆ ಕೊಟ್ಟುಬಿಡುತ್ತಾನೆ. ಪಾರೆಯನ್ನು ಮಾತ್ರ ದೇವರ ಎದುರಿಗೇ ನಿಂತು ನಾವೇ ಆರಿಸಿಕೊಳ್ಳುತ್ತೇವೆ. ಅದಕ್ಕೇ ಆ ನಂಟಿಗೆ ದ್ರೋಹ ಮಾಡಿದವನನ್ನು ಆ ಊರುಗಳಲ್ಲಿ ನಾಯಿಯೂ ಮೂಸುವುದಿಲ್ಲ.

ಆಮೇಲೆ ಹೊಸ ಔಷಧಿಯ ಪರೀಕ್ಷೆ ಬಂತು. ಡಾಕ್ಟರ್ ಸರ್ರೋಸಾ ಇಬ್ಬರನ್ನೂ ಒಂದೇ ದಿನ ಕೂರಿಸಿಕೊಂಡು ಹೇಳಿದಳು.

“ಈ ಔಷಧಿ ಇಡೀ ಬೇಲಿಗೆ ಬೆಂಕಿ ಹಾಕಲ್ಲ. ತಪ್ಪು ದಾರಿ ಹಿಡಿದ ಕಾವಲುಗಾರರ ಕೈ ಮಾತ್ರ ಕಟ್ಟುತ್ತೆ ಅಂತ ನಮ್ಮ ಲೆಕ್ಕ. ನಿಜವೋ ಸುಳ್ಳೋ ಅಂತ ನೋಡೋಕೇ ಈ ಪರೀಕ್ಷೆ. ಸೇರಿರೋ ನಲವತ್ತು ಜನರಲ್ಲಿ ಇಪ್ಪತ್ತು ಜನಕ್ಕೆ ಔಷಧಿ, ಇಪ್ಪತ್ತು ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ. ಪಟ್ಟಿ ಮನಿಲಾದಲ್ಲಿ ಬೀಗದೊಳಗಿದೆ. ಹದಿನೈದು ದಿನಕ್ಕೊಂದು ಸೂಜಿ, ಗುರುವಾರ, ಮನೆಯಲ್ಲೇ, ಹೊಟ್ಟೆಗೆ. ಜ್ವರ ಬಂದ್ರೆ, ಮೈಮೇಲೆ ಗಾಯ ಆದ್ರೆ ಓಡಿ ಬರಬೇಕು. ಕಾವಲು ಸಡಿಲ ಇರುತ್ತೆ, ಸಣ್ಣ ಗಾಯವೂ ಕೊಳೆಯುತ್ತೆ. ಅಂದ ಹಾಗೆ ನೊಂಗ್ ದೆನ್ಸಿಯೊ, ಏನು ಕೆಲಸ ನಿಮ್ಮದು?”

“ಕತ್ತಿ ಸಾಣೆ ಹಿಡಿಯೋದು,” ಎಂದ ದೆನ್ಸಿಯೊ. ಅರ್ಧ ಸತ್ಯವೂ ಸತ್ಯವೇ ಎಂದು ಅವನ ವಾದ.

ವಾಪಸ್ಸು ಬರುವ ಜೀಪ್ನಿಯಲ್ಲಿ ಇಬ್ಬರ ತೊಡೆಯ ಮೇಲೂ ಮಂಜುಗಡ್ಡೆಯ ಪೆಟ್ಟಿಗೆ. ಒಳಗಿನ ಸೂಜಿ ಡಬ್ಬಿಗೆ ನಂಬರು, ದೆನ್ಸಿಯೊನದರ ಮೇಲೆ ಹದಿನೇಳು, ಬಾಲ್ದೊನದರ ಮೇಲೆ ಇಪ್ಪತ್ತನಾಲ್ಕು.

“ಪಾರೆ, ಇಬ್ಬರೂ ಒಟ್ಟಿಗೆ ಸೇರಿದೀವಿ,” ಎಂದ ಬಾಲ್ದೊ. “ಇಬ್ಬರಲ್ಲಿ ಒಬ್ಬನಿಗೆ ನೀರು. ಗ್ಯಾರಂಟಿ.”

“ಮತ್ತಿನ್ನೇನು? ಒಬ್ಬ ಉಳ್ಳವನ ಕಡೆ, ಒಬ್ಬ ಇಲ್ಲದವನ ಕಡೆ.”

ಇದನ್ನು ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಸೂರ್ಯ ಮೂಡಣದಲ್ಲೇ ಹುಟ್ಟುತ್ತಾನಾ ಎಂದು ಯಾರಾದರೂ ಕೇಳುತ್ತಾರೆಯೇ? ಹುಟ್ಟಿದಾಗಿನಿಂದ ಕಣದ ಸುತ್ತ ಬೆಳೆದವರು, ಜೋಡಿಯಾಗಿ ಇಳಿದವರಲ್ಲಿ ಒಬ್ಬ ಸೋಲಲೇಬೇಕೆಂದು ರಕ್ತದಲ್ಲೇ ಬರೆದುಕೊಂಡವರು.

“ಹಂಗಾದ್ರೆ ಒಂದು ಮಾತು,” ಬಾಲ್ದೊ ಅವನ ಮೊಣಕಾಲು ಹಿಡಿದುಕೊಂಡ. “ಒಂದು ಗುರುವಾರ ಅವರವರದ್ದು ಅವರಿಗೆ. ಮುಂದಿನ ಸಲ ಅದಲು ಬದಲು. ಯಾರಿಗೂ ಪೂರ್ತಿ ಇಲ್ಲ, ಯಾರಿಗೂ ಪೂರ್ತಿ ಸೊನ್ನೆ ಇಲ್ಲ. ಹೋದ್ರೆ ಇಬ್ಬರದೂ ಅರ್ಧ ಹೋಗ್ಲಿ.”

ಲೂಸಿಯಾಳ ತಲೆಯ ಮೇಲೆ ಕೈಯಿಟ್ಟು ಇಬ್ಬರೂ ಆಣೆ ಮಾಡಿದರು. ಬಾಲ್ದೊನ ಗುಡಿಸಲಲ್ಲಿ ಕರೆಂಟು ಇರಲಿಲ್ಲ. ಹಾಗಾಗಿ ಎರಡೂ ಡಬ್ಬಿ ದೆನ್ಸಿಯೊನ ಮನೆಯ ಫ್ರಿಜ್ಜಿನಲ್ಲಿ, ಹುಂಜಗಳ ವಿಟಮಿನ್ ಬಾಟಲಿಗಳ ಪಕ್ಕದಲ್ಲಿ ಕೂತವು. ಸೂಜಿ ತೆಗೆದುಕೊಡುವವನು ದೆನ್ಸಿಯೊ, ಚುಚ್ಚುವವನೂ ದೆನ್ಸಿಯೊ. ಖಾಲಿ ಸಿರಿಂಜುಗಳನ್ನು ಆಸ್ಪತ್ರೆಗೆ ಮರಳಿಸಬೇಕಿತ್ತು. ನಂಬರು ನೋಡಿ ಇಬ್ಬರ ಹಳದಿ ಡಬ್ಬಕ್ಕೂ ಸರಿಯಾಗಿ ಹಂಚುವವನೂ ಅವನೇ. ಹಾಲಿಗೆ ಬೆಕ್ಕನ್ನು ಕಾವಲಿಟ್ಟ ಹಾಗಾಯಿತು ಅನ್ನಿ.

ಎರಡು ತಿಂಗಳು ದೆನ್ಸಿಯೊ ಸಾಚಾ ಆಗಿಯೇ ಇದ್ದ. ಅದು ನಿಜ, ಅದನ್ನು ಹೇಳಲೇಬೇಕು. ಆದರೆ ಒಂದು ಬೆಳಿಗ್ಗೆ, ಇಪ್ಪತ್ತನಾಲ್ಕನೇ ನಂಬರಿನ ಸೂಜಿ ಚುಚ್ಚಿಕೊಂಡ ನಾಲ್ಕನೇ ದಿನ, ಕಾಫಿ ಲೋಟ ಎತ್ತುವಾಗ ಅದರ ಅಂಚಿನ ಸೀಳು ಕಾಣಿಸಿತು. ಬಾಗಿಲಾಚೆ ಕಟ್ಟಿದ ಹುಂಜದ ಕಾಲಿನ ಒಂದೊಂದು ಚಿಪ್ಪೂ ಕಾಣಿಸಿತು. ಅವನು ದಾರದ ಉಂಡೆ ತಂದು ಎಳೆ ಬಿಡಿಸಿ ನೋಡಿದ. ಮೂರು ಎಳೆ. ಎಣಿಸಬಹುದಾಗಿತ್ತು. ಕೂತಲ್ಲೇ ಅತ್ತುಬಿಟ್ಟ.

ಅತ್ತು ಮುಗಿದ ಮೇಲೆ ಬುದ್ಧಿ ಕೆಟ್ಟಿತು. ಇಪ್ಪತ್ತನಾಲ್ಕು ಅಂದರೆ ಬಾಲ್ದೊನ ಡಬ್ಬಿ. ಹಾಗಾದರೆ ಬಾಲ್ದೊ ಉಳ್ಳವ, ತಾನು ಇಲ್ಲದವ. ಅರ್ಧ ಔಷಧಿಗೇ ಇಷ್ಟು ಕಂಡರೆ, ಪೂರ್ತಿ ಸಿಕ್ಕರೆ?

ಮುಂದಿನ ಸೂಜಿಯ ಗುರುವಾರ ಅವರವರದ್ದು ಅವರಿಗೆ ಸಿಗಬೇಕಾದ ದಿನ. ಬಾಲ್ದೊ ಬಂದು, ಅಂಗಿ ಎತ್ತಿ, ಕಬ್ಬಿನ ಗರಿ ಗೀರಿದ ಹೊಟ್ಟೆ ಮುಂದೆ ಮಾಡಿ ಕೂತ.

“ಇವತ್ತು ನಂದು ನನಗೆ ಅಲ್ವಾ, ಪಾರೆ?”

“ಹೂಂ, ನಿಂದು ನಿನಗೆ,” ಎಂದು ದೆನ್ಸಿಯೊ ಹದಿನೇಳನೇ ನಂಬರಿನ ಸೂಜಿ ಚುಚ್ಚಿದ. ಅವನು ಹೋದ ಮೇಲೆ ಇಪ್ಪತ್ತನಾಲ್ಕನ್ನು ತನ್ನ ಹೊಟ್ಟೆಗೆ ಚುಚ್ಚಿಕೊಂಡ. ಮಗುವಿನ ತಲೆಯ ಬಿಸಿ ಅಂಗೈಯಲ್ಲಿ ಇನ್ನೂ ಇದ್ದ ಹಾಗನ್ನಿಸಿ ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡ. ಒಂದೇ ಸಲ ಎಂದುಕೊಂಡ. ಎಲ್ಲ ಕಳ್ಳರೂ ಮೊದಲು ಹಾಗೇ ಅಂದುಕೊಳ್ಳುವುದು. ಆಮೇಲೆ ಬಂದ ಒಂದೊಂದು ಗುರುವಾರವೂ ಬಾಲ್ದೊಗೆ ಹದಿನೇಳೇ.

ದೆನ್ಸಿಯೊನ ಕಣ್ಣು ಕನ್ನಡಿಯಾಯಿತು. ಶೆಡ್ಡಿಗೆ ಮರಳಿದ. ಅವನು ಕಟ್ಟಿದ ಕತ್ತಿ ಮತ್ತೆ ಮೊದಲಿನ ಹಾಗೆ ಸೀಳತೊಡಗಿತು. ಒಂದು ಭಾನುವಾರ ಅದೇ ಮೇಸ್ತ್ರಿಯ ಹುಂಜ ಎದುರಾಳಿಯ ಕತ್ತನ್ನು ಒಂದೇ ಏಟಿಗೆ ಕತ್ತರಿಸಿದಾಗ ಮೇಸ್ತ್ರಿ ಅವನನ್ನು ಎತ್ತಿ ಕುಣಿಸಿದ.

ಬಾಲ್ದೊನ ಕಣ್ಣು ಮಾತ್ರ ದಿನೇ ದಿನೇ ಮಬ್ಬಾಯಿತು. ನೋವಿಲ್ಲ, ಕೆಂಪಿಲ್ಲ, ಆದರೆ ಮಂಜು. ಕಬ್ಬಿನ ಬುಡ ತಪ್ಪಿ ಮಚ್ಚು ತನ್ನ ಮೊಣಕಾಲಿಗೇ ಬಿದ್ದು, ಕೂಲಿಗೆ ಬರಬೇಡವೆಂದು ಮೇಸ್ತ್ರಿ ಓಡಿಸಿದ. ಡಾಕ್ಟರ್ ಹೇಳಿದ್ದನ್ನು ಬಾಲ್ದೊ ದೆನ್ಸಿಯೊನ ಹತ್ತಿರ ಅಣಕಿಸಿ ತೋರಿಸಿದ.

“ಒಳಗೆ ಎಲ್ಲಾ ಶಾಂತವಾಗಿದೆಯಂತೆ! ಇದು ಬೇರೆ ಪೊರೆಯಂತೆ, ಹಳೇ ಸ್ಟೀರಾಯ್ಡ್ ತಂದಿಟ್ಟಿದ್ದಂತೆ! ಇನ್ನು ಮೂರು ತಿಂಗಳು ಹಿಂಗೇ ಶಾಂತವಾಗಿದ್ರೆ ಕತ್ತರಿಸಿ ತೆಗೀತಾಳಂತೆ! ಸಾಯೋನ ಮುಂದೆ ಸಮಾಧಾನ ಹೇಳಿದ ಹಂಗೆ.”

“ಹೌದು, ಸಮಾಧಾನ ಹೇಳ್ತಾಳೆ,” ಎಂದ ದೆನ್ಸಿಯೊ. ಅವನೂ ಹಾಗೆಯೇ ನಂಬಿದ್ದ. ಉಪ್ಪುನೀರು ಚುಚ್ಚಿದ್ದು ತಾನೇ ಎಂದುಕೊಂಡವನಿಗೆ ಶಾಂತಿಯ ಮಾತು ಹೇಗೆ ಕಿವಿಗೆ ಹೋದೀತು?

“ನಿಂಗೆ ಮಾತ್ರ ಚೆನ್ನಾಗಿ ಕಾಣ್ತಿದೆ, ಪಾರೆ,” ಎಂದ ಬಾಲ್ದೊ, ಸುಮ್ಮನೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. “ನಾನೇನು ಮಾಡಿದೆ? ನಾನೇನೂ ಮಾಡಿಲ್ಲಪ್ಪ!” ಎಂದು ದೆನ್ಸಿಯೊ ಜೋರಾಗಿ ಅಂದುಬಿಟ್ಟ. ಬಾಲ್ದೊ ಮಬ್ಬುಗಣ್ಣನ್ನು ಅವನತ್ತ ತಿರುಗಿಸಿದ.

ಮುಂದಿನ ಎರಡು ಸೂಜಿಯ ಗುರುವಾರ ರೊಸಿಂಡಾ ಮಗುವನ್ನೆತ್ತಿಕೊಂಡು ಗಂಡನ ಜೊತೆ ಬಂದಳು. ಅವಳಿಗೆ ಓದು ಬರುತ್ತಿತ್ತು. ದೆನ್ಸಿಯೊ ನೀರು ತರಲು ಒಳಗೆ ಹೋದಾಗ ಗಂಡನಿಗೆ ಚುಚ್ಚಿ ಮೇಜಿನ ಮೇಲಿಟ್ಟಿದ್ದ ಖಾಲಿ ಸಿರಿಂಜು ನೋಡಿದಳು. ಮೊದಲ ಗುರುವಾರ ಹದಿನೇಳು. ಎರಡನೇ ಗುರುವಾರವೂ ಹದಿನೇಳು.

ಭಾನುವಾರ ಮಧ್ಯಾಹ್ನ ಅಂಕ ರಂಗೇರಿತ್ತು. ತಗಡಿನ ಮಾಡು ಬಿಸಿಲಿಗೆ ಕಾದು ಒಳಗೆ ಬೆವರು, ರಕ್ತ, ಸುಟ್ಟ ಮೀನಿನ ವಾಸನೆ. ಶೆಡ್ಡಿನಲ್ಲಿ ದೆನ್ಸಿಯೊ ಒಬ್ಬನೇ ಕೂತು ಮುಂದಿನ ಜೋಡಿಗೆಂದು ಕತ್ತಿ ಒರೆಸುತ್ತಿದ್ದ. ಬಾಗಿಲ ಬೆಳಕು ಮುಚ್ಚಿತು. ಬಾಲ್ದೊ ನಿಂತಿದ್ದ. ಕೈಯಲ್ಲಿ ಕಬ್ಬು ಕಡಿಯುವ ಮಚ್ಚು.

“ಹದಿನೇಳು,” ಎಂದ.

ದೆನ್ಸಿಯೊ ಕತ್ತಿ ಒರೆಸುವ ಬಟ್ಟೆ ಕೆಳಗಿಟ್ಟ.

“ಎಷ್ಟು ಗುರುವಾರ, ಪಾರೆ? ಹೇಳು. ಎಷ್ಟು ಗುರುವಾರ ನನ್ನ ಹೊಟ್ಟೆಗೆ ನೀರು ತುಂಬಿದೆ?”

“ಪಾರೆ, ಕೂತ್ಕೋ, ಮಾತಾಡೋಣ...”

“ನನ್ನ ಮಗಳ ತಲೆ ಮುಟ್ಟಿದ ಕೈ ಯಾವುದು? ಬಲಗೈ ತಾನೇ? ಮುಂದೆ ಚಾಚು. ಕಡಿದ್ಕೊಂಡು ಹೋಗ್ತೀನಿ.”

ದೆನ್ಸಿಯೊ ಎದ್ದ. ಸ್ಟೂಲು ಉರುಳಿತು. ಸದ್ದು ಬಂದ ಕಡೆಗೆ ಬಾಲ್ದೊ ಮಚ್ಚು ಬೀಸಿದ. ಅವನಿಗೆ ಮುಖ ಕಾಣುತ್ತಿರಲಿಲ್ಲ, ಆಕಾರ ಕಾಣುತ್ತಿತ್ತು, ಕಬ್ಬು ಕಡಿಯುವವನ ಭುಜಕ್ಕೆ ಅಷ್ಟು ಸಾಕು. ಮಚ್ಚು ದೆನ್ಸಿಯೊನ ಎಡಭುಜಕ್ಕೆ ಬಿದ್ದು ಎಲುಬಿಗೆ ತಾಗಿ ನಿಂತಿತು. ಅದನ್ನು ಕಿತ್ತು ಇನ್ನೊಮ್ಮೆ ಬೀಸಿದಾಗ ಮೇಜು ಎರಡು ಹೋಳಾಗಿ, ಕತ್ತಿಗಳ ಪೆಟ್ಟಿಗೆ ಬಿದ್ದು, ಹನ್ನೆರಡು ಕತ್ತಿಗಳು ನೆಲದ ಮೇಲೆ ಮಿನುಗಿದವು. ದೆನ್ಸಿಯೊನ ಬಲಗೈಯಲ್ಲಿ ಹದಿಮೂರನೆಯದು ಹಾಗೇ ಇತ್ತು.

ಅವನು ಯೋಚಿಸಲಿಲ್ಲ. ಯೋಚಿಸಿದ್ದೆ ಎಂದು ಆಮೇಲೆ ಅವನೂ ಹೇಳಲಿಲ್ಲ, ಯೋಚಿಸಿರಲಿಲ್ಲ ಎಂದು ತಪ್ಪಿಸಿಕೊಳ್ಳಲೂ ಇಲ್ಲ. ಮೂರನೇ ಸಲ ಮಚ್ಚು ಮೇಲೇರಿದಾಗ ಅವನು ಬಾಲ್ದೊನ ಎದೆಗೆ ಎದೆ ಕೊಟ್ಟು ನುಗ್ಗಿ, ಹುಂಜ ನೆಗೆಯುವಂತೆ ಕೈಯನ್ನು ಕೆಳಗಿನಿಂದ ಮೇಲಕ್ಕೆ ಎಳೆದ. ಕತ್ತಿ ಕೆನ್ನೆ ಸೀಳಿ ಎಡಗಣ್ಣಿಗೆ ಏರಿತು. ಗುಡ್ಡೆಯೊಳಗಿನ ನೀರು ಅವನ ಬೆರಳ ಮೇಲೆ ಬೆಚ್ಚಗೆ ಹರಿಯಿತು. ಬಾಲ್ದೊ ಕೂಗಿದ ಕೂಗಿಗೆ ಆಚೆ ಕಣದಲ್ಲಿ ಸಾವಿರ ಜನರ ಗದ್ದಲ ನಿಂತಿತು. ಕೆಳಗೆ ಬಿದ್ದವನ ಮೇಲೆ ದೆನ್ಸಿಯೊ ಬಿದ್ದ. ಜನ ಬಂದು ಬಿಡಿಸುವಾಗ ಒಬ್ಬನ ಹಲ್ಲು ಇನ್ನೊಬ್ಬನ ಕಿವಿಯಲ್ಲಿತ್ತು.

ಇಬ್ಬರನ್ನೂ ಒಂದೇ ಟೆಂಪೋದಲ್ಲಿ ಒಗೆದು ಬಕೊಲೋಡಿಗೆ ಒಯ್ದರು. ಊರ ಪಂಚಾಯ್ತಿಯ ಮುಖಂಡ ಕಪ್ತಾನ ಬಂದು, ಪಾರೆಗಳ ಜಗಳ, ಮೊದಲು ಮಚ್ಚು ಎತ್ತಿದವನು ಬಾಲ್ದೊ, ರೊಸಿಂಡಾ ಪೊಲೀಸು ಬೇಡವೆಂದಿದ್ದಾಳೆ ಎಂದು ಬರೆದುಕೊಂಡು ಹೋದ. ಅವಳು ಬೇಡವೆಂದಿದ್ದು ದಯೆಯಿಂದಲ್ಲ. ಪೊಲೀಸು ಬಂದರೆ ಗಂಡನನ್ನೂ ಒಯ್ಯುತ್ತಾರೆಂದು ಅವಳಿಗೆ ಗೊತ್ತಿತ್ತು.

ಬಾಲ್ದೊನ ಎಡಗಣ್ಣು ಉಳಿಯಲಿಲ್ಲ, ತೆಗೆದರು. ದೆನ್ಸಿಯೊನ ಭುಜದ ಗಾಯ ಐದನೇ ದಿನಕ್ಕೆ ಕೊಳೆತು ನಾರಿತು. ಜ್ವರ ಏರಿ ಅವನು ಬಡಬಡಿಸತೊಡಗಿದ. ಮೈಯಲ್ಲಿ ಔಷಧಿಯಿದೆಯೋ ನೀರಿದೆಯೋ ಗೊತ್ತಾಗದೆ ಮುಂದಿನ ಚಿಕಿತ್ಸೆ ಮಾಡುವ ಹಾಗಿರಲಿಲ್ಲ. ಡಾಕ್ಟರ್ ಸರ್ರೋಸಾ ಮನಿಲಾಕ್ಕೆ ಫೋನು ಮಾಡಿ ಬೀಗದೊಳಗಿನ ಪಟ್ಟಿ ತೆಗೆಸಿದಳು. ಜ್ವರ ಇಳಿದ ದಿನ ಕಾಗದ ಹಿಡಿದು ಅವನ ಮಂಚದ ಬಳಿ ಬಂದಳು.

“ಡಾಕ್ಟ್ರೇ, ನಾನೇ ಹೇಳ್ಬಿಡ್ತೀನಿ,” ಎಂದ ದೆನ್ಸಿಯೊ. ಎಲ್ಲವನ್ನೂ ಹೇಳಿದ. ಆಣೆ, ಅದಲು ಬದಲು, ಫ್ರಿಜ್ಜು, ಕಳ್ಳತನ. “ಅವನ ಔಷಧಿ ನಾನು ಕದ್ದೆ. ನನ್ನ ನೀರು ಅವನಿಗೆ ಚುಚ್ಚಿದೆ. ಆಮೇಲೆ ಕಣ್ಣೂ ಕಿತ್ತೆ.”

ಡಾಕ್ಟರ್ ಕಾಗದವನ್ನು ಇನ್ನೊಮ್ಮೆ ಓದಿದಳು.

“ಯಾವ ನೀರು?” ಎಂದಳು. “ಹದಿನೇಳೂ ಔಷಧಿ. ಇಪ್ಪತ್ತನಾಲ್ಕೂ ಔಷಧಿ. ಇಬ್ಬರಿಗೂ ಮೊದಲ ದಿನದಿಂದ ಔಷಧಿನೇ.”

“ಅದು ಹೆಂಗಾಗುತ್ತೆ? ಇಬ್ಬರಲ್ಲಿ ಒಬ್ಬನಿಗೆ ನೀರು ಅಂತ...”

“ಯಾರು ಹೇಳಿದ್ದು ಒಬ್ಬನಿಗೆ ನೀರು ಅಂತ? ನಲವತ್ತರಲ್ಲಿ ಇಪ್ಪತ್ತು ಅಂದೆ ನಾನು! ಔಷಧಿ ಸಿಕ್ಕ ಇಪ್ಪತ್ತರಲ್ಲಿ ನೀವಿಬ್ರೂ ಇದ್ರಿ. ಕೋಳಿ ಅಂಕ ಅಂದ್ಕೊಂಡ್ರೇನ್ರೀ ನನ್ನ ಆಸ್ಪತ್ರೆನ?” ಅವಳು ಕಾಗದವನ್ನು ಅವನ ಎದೆಗೆ ಎಸೆದಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಬೈಗುಳವಿತ್ತು. “ನೀವು ಕಿತ್ತ ಕಣ್ಣು ಗೊತ್ತಾ? ಒಳಗೆ ಚಿನ್ನದ ಹಾಗಿತ್ತು ಅದು. ಮೇಲೆ ಒಂದು ಪೊರೆ, ಅಷ್ಟೇ. ಅರ್ಧ ಗಂಟೆ ಕೆಲಸ ನನಗೆ. ದಿನಾಂಕ ಕೂಡ ಬರೆದಿಟ್ಟಿದ್ದೆ.”

ಕದ್ದದ್ದೂ ದಂಡ, ಮುಚ್ಚಿಟ್ಟದ್ದೂ ದಂಡ, ಕಡಿದಾಡಿದ್ದೂ ದಂಡ. ಕದಿಯಲು ಅಲ್ಲಿ ಏನೂ ಇರಲೇ ಇಲ್ಲ.

“ಇನ್ನೂ ಕೇಳಿ,” ಎಂದಳು ಡಾಕ್ಟರ್, ದನಿ ಇಳಿಸಿ. “ಒಂದು ಕಣ್ಣು ಹೀಗೆ ಸೀಳಿದ್ರೆ ಮೈಯ ಕಾವಲುಗಾರರು ಇನ್ನೊಂದರ ಮೇಲೂ ಬೀಳಬಹುದು. ಮೊದಲೇ ದಾರಿ ತಪ್ಪಿದ ಪಡೆ ಅವನದ್ದು. ಪರೀಕ್ಷೆಯಿಂದ ನಿಮ್ಮಿಬ್ಬರ ಹೆಸರೂ ಹೊಡೆದಾಯ್ತು, ಆದ್ರೆ ಔಷಧಿ ನಾನು ಹೇಗೋ ಕೊಡಿಸ್ತೀನಿ. ಅವನ ಗಾಯ ಮಾಗ್ತಾ ಇದೆ, ಈ ಗುರುವಾರದಿಂದ ಮತ್ತೆ ಶುರು ಮಾಡಬೇಕು. ಅವನು ಬೇಡ ಅಂತಾನೆ. ನೀರು, ಎಲ್ಲಾ ನೀರು ಅಂತ ನರ್ಸಿನ ಕೈಯಿಂದ ಸೂಜಿ ಕಿತ್ತು ಗೋಡೆಗೆ ಹೊಡೆದ. ನನ್ನ ಮಾತೂ ನಂಬಲ್ಲ. ತಗೊಳ್ಳದಿದ್ರೆ ಉಳಿದ ಕಣ್ಣೂ ಹೋಗುತ್ತೆ.”

ದೆನ್ಸಿಯೊ ಕಾಗದ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಭುಜದ ಕಟ್ಟು ಹಿಡಿದುಕೊಂಡು, ಮೊಗಸಾಲೆಯ ಆ ತುದಿಯ ವಾರ್ಡಿಗೆ ನಡೆದ. ಬಾಲ್ದೊ ಗೋಡೆಗೆ ಒರಗಿ ಕೂತಿದ್ದ. ಎಡಗಡೆ ಹತ್ತಿ ತುಂಬಿದ ಕಟ್ಟು, ಬಲಗಣ್ಣಿನಲ್ಲಿ ಬಿಳಿ ಮಂಜು. ರೊಸಿಂಡಾ ಮಗುವನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು.

“ಇಲ್ಲಿಗೂ ಬಂದೆಯಾ, ಪಾರೆ? ಉಳಿದಿದ್ದನ್ನೂ ತಗೊಂಡು ಹೋಗೋಕಾ?” ಎಂದಳು.

“ಮಾರೆ, ಒಂದು ಮಾತು ಹೇಳಿ ಹೋಗ್ತೀನಿ,” ಎಂದು ದೆನ್ಸಿಯೊ ಮಂಚದ ಪಕ್ಕ ಮೊಣಕಾಲೂರಿದ. “ಪಾರೆ. ನಿಂದೂ ಔಷಧಿನೇ ಆಗಿತ್ತು. ನಂದೂ ಔಷಧಿನೇ. ಪಟ್ಟಿ ತಂದಿದೀನಿ.”

ಬಾಲ್ದೊ ನಕ್ಕ. ನಗು ಕೆಟ್ಟದಾಗಿತ್ತು.

“ಪಟ್ಟಿ ಓದೋಕೆ ಕಣ್ಣು ಬೇಕಲ್ಲ. ನಿನ್ನ ಕಣ್ಣು ಚೆನ್ನಾಗಿದೆ, ನೀನೇ ಓದ್ಕೋ.”

“ಮಾರೆ ಓದ್ಲಿ.”

“ಡಾಕ್ಟ್ರು ಬರೆದಿದ್ದನ್ನ ಅವಳು ಓದ್ತಾಳೆ. ಡಾಕ್ಟ್ರಿಗೆ ಹೇಳಿಕೊಟ್ಟಿದ್ದು ಯಾರು? ಸುಳ್ಳುಗಾರ ಸತ್ಯ ಹೇಳಿದ್ರೂ ಕಿವಿಗೆ ಹೋಗಲ್ಲ ಕಣೋ.”

“ಆಣೆ...”

“ಯಾರ ಮೇಲೆ? ಇವಳ ಮೇಲಾ?” ಬಾಲ್ದೊ ಮಗುವಿನ ಉಸಿರಾಟದ ಕಡೆ ಕೈ ತೋರಿಸಿದ. “ಆ ಆಣೆ ಒಂದು ಸಲ ಮುರಿದಾಯ್ತು.”

ಆಣೆ ಇಡಲು ದೆನ್ಸಿಯೊನ ಹತ್ತಿರ ಏನೂ ಉಳಿದಿರಲಿಲ್ಲ. ಹೇಳಬೇಕಾದ ಒಂದೇ ಒಂದು ಸತ್ಯವನ್ನು ಹೇಳುವ ಬಾಯಿ ಕಳ್ಳನ ಬಾಯಿಯಾಗಿತ್ತು. ಅವನು ಬಾಲ್ದೊನ ಬಲಗೈ ಹಿಡಿದು ತನ್ನ ಮುಖದ ಮೇಲೆ ಇಟ್ಟುಕೊಂಡ, ಹೆಬ್ಬೆರಳು ಎಡಗಣ್ಣಿನ ಮೇಲೆ ಬರುವ ಹಾಗೆ.

“ಒತ್ತು,” ಎಂದ.

“ಏನೋ?”

“ಒತ್ತು, ಪಾರೆ. ನಾನು ಸುಳ್ಳ ಅನ್ನಿಸಿದ್ರೆ ತಗೋ. ಲೆಕ್ಕ ಚುಕ್ತಾ ಆಗುತ್ತೆ. ಆದ್ರೆ ಗುರುವಾರ ಸೂಜಿ ಚುಚ್ಚಿಸ್ಕೋ.”

ಬಾಲ್ದೊ ಒತ್ತಿದ. ಕಬ್ಬು ಕಡಿದು ಕಲ್ಲಾದ ಹೆಬ್ಬೆರಳು. ದೆನ್ಸಿಯೊಗೆ ಮೊದಲು ಕಪ್ಪು ಕಂಡಿತು, ಆಮೇಲೆ ಕೆಂಪು, ಆಮೇಲೆ ಕಿಡಿ. ಹಲ್ಲು ಕಚ್ಚಿದ. ಎರಡೂ ಕೈಯಲ್ಲಿ ಮಂಚದ ಸರಳು ಹಿಡಿದುಕೊಂಡ. ಭುಜದ ಹೊಲಿಗೆ ಬಿಚ್ಚಿ ರಕ್ತ ಬೆನ್ನ ಮೇಲೆ ಹರಿಯಿತು. ತಲೆಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಬೆರಳು ಸಡಿಲವಾಯಿತು.

“ಹೇಳು ಈಗ.”

“ನಿಂದೂ ಔಷಧಿನೇ.”

ಬಾಲ್ದೊ ಎರಡನೇ ಸಲ ಒತ್ತಿದ, ಮೊದಲಿಗಿಂತ ಬಲವಾಗಿ. ರೊಸಿಂಡಾ “ಸಾಕು!” ಎಂದು ಕಿರುಚಿದಳು. ಮಗು ಅಳತೊಡಗಿತು. ಗುಡ್ಡೆ ಇನ್ನೇನು ಒಡೆಯುತ್ತದೆ ಎಂದು ದೆನ್ಸಿಯೊಗೆ ಖಾತ್ರಿಯಾಯಿತು. ಅವನು ಬಾಯಿ ತೆರೆದು ಅದನ್ನೇ ಹೇಳಿದ, ಗೋಗರೆಯಲಿಲ್ಲ, ಬರೀ ಹೇಳಿದ. “ನಿಂದೂ ಔಷಧಿನೇ.”

ಕೈ ಮುಖದಿಂದ ಜಾರಿ ಹಾಸಿಗೆಯ ಮೇಲೆ ಬಿತ್ತು. ಬಾಲ್ದೊ ಗೋಡೆಗೆ ತಲೆ ಒರಗಿಸಿ, ಮಗುವಿನ ಅಳುವನ್ನೇ ಕೇಳುತ್ತ ಕೂತ. ಅವನ ಒಂದೇ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕಟ್ಟಿನ ಕೆಳಗಿನಿಂದಲೂ ಏನೋ ಇಳಿಯಿತು, ಅದು ನೀರಲ್ಲ.

“ಗುರುವಾರಕ್ಕೆ ಇನ್ನೆಷ್ಟು ದಿನ?” ಎಂದ ಕೊನೆಗೆ.

“ಮೂರು.”

“ಚುಚ್ಚೋದು ರೊಸಿಂಡಾ. ನೀನಲ್ಲ.”

“ಆಯ್ತು, ಪಾರೆ.”

“ಪಾರೆ ಅನ್ಬೇಡ ನನ್ನ,” ಎಂದು ಬಾಲ್ದೊ ಗೋಡೆಯ ಕಡೆ ಮುಖ ತಿರುಗಿಸಿದ.